ಬಾಣಂತಿ ಕೋಣೆಯಲ್ಲಿ ತರ್ಕಸಂಗ್ರಹ

ಜಾತಕರ್ಮಕ್ಕೆ ಜೇನು ಬೇಕು, ತುಪ್ಪ ಬೇಕು, ಚಿನ್ನ ಬೇಕು. ಗೃಹ್ಯಸೂತ್ರಗಳ ವಿವರ ಶಾಖೆಯಿಂದ ಶಾಖೆಗೆ ಬೇರೆಯಾದರೂ, ಹುಟ್ಟಿದ ಕೂಸಿನ ಬುದ್ಧಿ ಚುರುಕಾಗಲೆಂದು ಜೇನು-ತುಪ್ಪವನ್ನು ಚಿನ್ನದಿಂದ ನೆಕ್ಕಿಸುವ ಕ್ರಮ ಬಹಳ ಹಳೆಯದು. ಬೀಗರು ಬರುವಾಗಲೇ ಕೊಡಗಿನ ಜೇನಿನ ಸೀಸೆ ತಂದಿದ್ದರು. ಮಂಚದ ಮೇಲಿದ್ದ ಬಾಣಂತಿ, ನನ್ನ ಮಗಳು, ಅದನ್ನು ನೋಡಿ, "ವರ್ಷ ತುಂಬೋ ತನಕ ಜೇನು ಬೇಡ" ಅಂದಳು. ದನಿ ಎತ್ತಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಬೀಗಿತ್ತಿ ನನ್ನ ಮುಖ ನೋಡಿದರು. ನಾನು ಪಾಠಶಾಲೆಯಲ್ಲಿ ತರ್ಕ ಹೇಳಿಕೊಟ್ಟು ನಿವೃತ್ತನಾದವನು. ಮಗಳು ಬೆಂಗಳೂರಿನಲ್ಲಿ ಔಷಧ ಪರೀಕ್ಷೆಗಳ ಅಂಕಿ-ಅಂಶ ಜರಡಿ ಹಿಡಿಯುವವಳು. ಬೀಗಿತ್ತಿಯ ಲೆಕ್ಕದಲ್ಲಿ ನಾನು ಶಾಸ್ತ್ರದ ಕಡೆಯ ವಕೀಲ, ಮಗಳು ಎದುರು ಪಕ್ಷ.

ಜೇನಿನ ವಿಷಯ ಹೀಗೆ. ಅದರಲ್ಲಿ ಕೆಲವೊಮ್ಮೆ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ದೊಡ್ಡವರ ಕರುಳಿನಲ್ಲಿ ಮೊದಲೇ ನೆಲೆಯೂರಿದ ಸೂಕ್ಷ್ಮಜೀವಿಗಳು ಅವಕ್ಕೆ ಮೊಳೆಯಲು ಜಾಗ ಕೊಡುವುದಿಲ್ಲ. ಎಳೆಗೂಸಿನ ಕರುಳಿಗೆ ಆ ಕಾವಲು ಇನ್ನೂ ಬಂದಿರುವುದಿಲ್ಲ. ಮೊಳೆತು ವಿಷ ಬಿಟ್ಟರೆ ಮೊದಲು ಮಲಬದ್ಧತೆ, ಆಮೇಲೆ ಅಳುವ ದನಿ ಕುಗ್ಗುತ್ತದೆ, ಕತ್ತು ಸೋಲುತ್ತದೆ, ಕೊನೆಗೆ ಉಸಿರಿಗೇ ಸಂಚಕಾರ. ಕ್ಯಾಲಿಫೋರ್ನಿಯಾದ ವೈದ್ಯರು ಇದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿದ್ದು 1976ರಲ್ಲಿ. ತೀರಾ ಅಪರೂಪದ್ದು, ನಿಜ. ಆದರೆ ಜೇನು ನೆಕ್ಕಿಸದಿದ್ದರೆ ಕೂಸಿಗೆ ಆಗುವ ನಷ್ಟವೇನು ಎಂದು ಕೇಳಿದರೆ ಅದಕ್ಕೆ ಉತ್ತರವಿಲ್ಲ.

"ನಮ್ಮ ಮನೇಲಿ ಎಲ್ಲರೂ ಜೇನು ನೆಕ್ಕಿಯೇ ಬೆಳೆದದ್ದು" ಎಂದರು ಬೀಗಿತ್ತಿ. ಈ ವಾದ ಪ್ರತಿ ಬಾಣಂತನದಲ್ಲೂ ಕೇಳಿಬರುತ್ತದೆ. ಅದರ ತೊಂದರೆಯೇನೆಂದರೆ, ಸಾಕ್ಷಿ ಹೇಳಲು ಬದುಕಿ ಉಳಿದವರು ಮಾತ್ರ ಬರುತ್ತಾರೆ. ನನ್ನ ಅಜ್ಜಿ ಹೆತ್ತದ್ದು ಹನ್ನೊಂದು, ಉಳಿದದ್ದು ಆರು. ಹೋದ ಐವರಿಗೆ ಏನಾಯಿತೆಂದು ಯಾರೂ ವಿಚಾರಿಸಲಿಲ್ಲ. ಬಾಲಗ್ರಹ ಅಂದರು, ದೃಷ್ಟಿ ಅಂದರು, ಋಣ ತೀರಿತು ಅಂದರು. ನೂರು ವರ್ಷದ ಹಿಂದೆ ಈ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ಸುಮಾರು 200, ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. ಈಗ ಆ ಸಂಖ್ಯೆ 30ಕ್ಕಿಂತ ಕೆಳಗಿದೆ. ಜೇನಿನಿಂದಲೇ ಹೋದವೆಂದು ನಾನು ಹೇಳುತ್ತಿಲ್ಲ. ಉಳಿದವರನ್ನು ಮಾತ್ರ ಎಣಿಸಿ ಪದ್ಧತಿಗೆ ಯೋಗ್ಯತಾಪತ್ರ ಕೊಡಬಾರದು ಎನ್ನುತ್ತಿದ್ದೇನೆ.

ಶಾಸ್ತ್ರದ ಕಡೆಯಿಂದ ನನಗೆ ತೊಡಕಿರಲಿಲ್ಲ. ಬೆಂಕಿ ತಣ್ಣಗಿದೆ ಎಂದು ಶ್ರುತಿ ಎಷ್ಟು ಸಲ ಹೇಳಿದರೂ ಅದು ಪ್ರಮಾಣವಾಗದೆಂದು ಶಂಕರರು ಗೀತಾಭಾಷ್ಯದ ಕೊನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿ ಒಪ್ಪಿದ್ದಾರೆ. ಕಣ್ಣಿಗೆ ಎಟುಕದ್ದನ್ನು ತಿಳಿಸುವುದು ವೇದದ ಕೆಲಸ. ಕರುಳಿನಲ್ಲಿ ಏನು ಮೊಳೆಯುತ್ತದೆ ಎಂಬುದು ಆ ಇಲಾಖೆಯದಲ್ಲ. ಇನ್ನು ದ್ರವ್ಯದ ಮಾತು. ಭತ್ತ ಸಿಗದಿದ್ದರೆ ನೀವಾರವೆಂಬ ಕಾಡುಭತ್ತದಿಂದ ಯಾಗ ನಡೆಸಬಹುದೇ ಎಂಬಂಥ ಚರ್ಚೆ ಮೀಮಾಂಸೆಯ ಆರನೆಯ ಅಧ್ಯಾಯದಲ್ಲಿದೆ. ಪ್ರತಿನಿಧಿ ದ್ರವ್ಯಕ್ಕೆ ಅಲ್ಲಿ ಅವಕಾಶ ಉಂಟು. ಆ ಅವಕಾಶ ದ್ರವ್ಯ ಸಿಗದಾಗ ತಾನೆ ಎಂದು ನೀವು ಕೇಳಬಹುದು. ಕೂಸಿಗೆ ಆಗದ್ದು ಸಿಗದ್ದಕ್ಕೆ ಸಮ ಎಂದು ನಾನು ವಾದಿಸಿದೆ. ಪುರೋಹಿತರು ಒಪ್ಪಿದರು, ಅವರಿಗೆ ಇನ್ನೊಂದು ಮನೆಗೆ ಹೊತ್ತಾಗಿತ್ತು. ತುಪ್ಪವೂ ಬೇಡ, ತಾಯಿಹಾಲಲ್ಲದೆ ಏನೂ ಬೇಡ ಎಂದು ಮಕ್ಕಳ ಡಾಕ್ಟರು ಹೇಳಿದ್ದರಿಂದ, ಕುದಿಸಿ ಆರಿಸಿದ ಉಂಗುರವನ್ನು ತಾಯಿಹಾಲಿನಲ್ಲಿ ಅದ್ದಿ ಅಳಿಯ ಕೂಸಿನ ತುಟಿಗೆ ಮುಟ್ಟಿಸಿದ. ಮಂತ್ರ ಪೂರ್ತಿ ಹೇಳಿದೆವು.

ಹೊರಡುವ ಮುನ್ನ ಪುರೋಹಿತರು, ಅನ್ನಪ್ರಾಶನ ಆರನೇ ತಿಂಗಳಿಗೆ ಎಂದು ನಮ್ಮವರು ಎಂದೋ ಇಟ್ಟಿದ್ದನ್ನು ವಿಶ್ವ ಆರೋಗ್ಯ ಸಂಸ್ಥೆ ಈಗ ಒಪ್ಪಿಕೊಂಡಿದೆ ಎಂದರು. ಹೌದು, ಆರು ತಿಂಗಳು ಎದೆಹಾಲು ಮಾತ್ರ ಎಂಬ ಶಿಫಾರಸು ಬಂದದ್ದು 2001ರಲ್ಲಿ. ಅದಕ್ಕೆ ಮೊದಲು ನಾಲ್ಕರಿಂದ ಆರು ತಿಂಗಳು ಅನ್ನುತ್ತಿದ್ದರು. ಆದರೆ ಅನ್ನಪ್ರಾಶನ ಇಟ್ಟ ಅದೇ ಪುಸ್ತಕ ಹುಟ್ಟಿದ ದಿನವೇ ಜೇನು ಕೊಡು ಅಂದಿತ್ತಲ್ಲ! ಹೊಂದಿದ್ದನ್ನು ತೋರಿಸಿ ಹೊಂದದ್ದನ್ನು ಮುಚ್ಚಿಟ್ಟರೆ ಅದು ಶಾಸ್ತ್ರಕ್ಕೆ ಗೌರವವಲ್ಲ, ಜಾಹೀರಾತು.

ಶಾಸ್ತ್ರವನ್ನು ವಿಚಾರಿಸಿದ್ದಾಯಿತು, ಇನ್ನು ಮಗಳ ಸರದಿ. ಪುಣ್ಯಾಹ ಮುಗಿದು ನೆಂಟರು ಚದುರಿದ ಮೇಲೆ ಕೇಳಿದೆ.

"ಆ ಬೀಜಕಣ ನೀನು ಕಣ್ಣಾರೆ ನೋಡಿದೀಯಾ?"

"ಇಲ್ಲ."

"ಆ ಕಾಯಿಲೆ ಬಂದ ಮಗು?"

"ಇಲ್ಲಪ್ಪ, ಓದಿದೀನಿ."

"ಅಲ್ಲಿಗೆ ನಿನ್ನದೂ ಶಬ್ದಪ್ರಮಾಣವೇ ಆಯ್ತು."

"ನಂಬಿಕೆ ಅಲ್ಲಪ್ಪ ಇದು, ಎವಿಡೆನ್ಸು" ಎಂದು ಆಕೆ ಸಿಡುಕಿದಳು. ಆದರೆ ನಾನು ಕೆಣಕಲು ಕೇಳಿದ್ದಲ್ಲ. ಪ್ರಯೋಗ ಮಾಡಿದವನಿಗೆ ಅದು ಪ್ರತ್ಯಕ್ಷ, ಲೆಕ್ಕ ಹಾಕಿದವನಿಗೆ ಅನುಮಾನ, ಅಂದರೆ ತರ್ಕದಿಂದ ತಿಳಿದದ್ದು. ರಾತ್ರಿ ಎರಡು ಗಂಟೆಗೆ ಒಂದು ಕೈಯಲ್ಲಿ ಕೂಸನ್ನು ಎತ್ತಿಕೊಂಡು ಇನ್ನೊಂದರಲ್ಲಿ ಫೋನು ಹಿಡಿದ ತಾಯಿಗೆ ಮುಟ್ಟುವಾಗ ಅದು ಶಬ್ದವೇ, ಯಾರೋ ಹೇಳಿದ ಮಾತೇ. ಬೀಗಿತ್ತಿಯೂ ಯಾರೋ ಹೇಳಿದ್ದನ್ನೇ ಹೇಳುತ್ತಿದ್ದರು. ಹಾಗಾಗಿ ಜಗಳ ವಿಜ್ಞಾನಕ್ಕೂ ನಂಬಿಕೆಗೂ ನಡುವಿನದಲ್ಲ. ಇಬ್ಬರು ಹೇಳುವವರಿದ್ದಾರೆ, ಅವರಲ್ಲಿ ಆಪ್ತ ಯಾರು ಎಂಬುದೇ ಪ್ರಶ್ನೆ. ಇದರಲ್ಲಿ ನಮ್ಮ ನ್ಯಾಯದವರು ಧಾರಾಳಿಗಳು. ವಿಷಯವನ್ನು ತಾನೇ ಕಂಡು ತಿಳಿದು, ಕಂಡದ್ದನ್ನು ಕಂಡ ಹಾಗೆ ತಿಳಿಸಬೇಕೆಂಬ ಮನಸ್ಸುಳ್ಳವನು ಆಪ್ತ. ಋಷಿಯಾಗಲಿ ಆರ್ಯನಾಗಲಿ ಮ್ಲೇಚ್ಛನಾಗಲಿ ಲಕ್ಷಣ ಒಂದೇ ಎನ್ನುತ್ತಾನೆ ಭಾಷ್ಯಕಾರ ವಾತ್ಸ್ಯಾಯನ. ಮ್ಲೇಚ್ಛ ಡಾಕ್ಟರರ ಮಾತು ಕೇಳಲು ನನಗೆ ಅಷ್ಟು ಸಾಕು.

ಕೇಳಲು ಸಾಕು, ಒಪ್ಪಲು ಸಾಲದು. ಬೆಂಜಮಿನ್ ಸ್ಪಾಕ್ ಎಂಬ ಅಮೆರಿಕದ ಮಕ್ಕಳ ವೈದ್ಯ 1946ರಲ್ಲಿ ಶಿಶುಪಾಲನೆಯ ಪುಸ್ತಕ ಬರೆದ. ಅದರ ಪ್ರತಿಗಳು ಕೋಟಿಗಟ್ಟಲೆ ಖರ್ಚಾದವು. ಒಳ್ಳೆಯ ಮನುಷ್ಯ, ತಾಯಂದಿರನ್ನು ಹೆದರಿಸದೆ ಧೈರ್ಯ ಹೇಳಿದವನು. 1950ರ ದಶಕದ ಒಂದು ಆವೃತ್ತಿಯಿಂದ ಆತ ಕೂಸನ್ನು ಬೋರಲು ಮಲಗಿಸುವುದು ಲೇಸು ಎಂದು ಬರೆಯತೊಡಗಿದ. ಅಂಗಾತ ಮಲಗಿದ್ದಾಗ ವಾಂತಿಯಾದರೆ ಗಂಟಲಿಗೆ ಸಿಕ್ಕೀತು ಎಂಬುದು ಅವನ ಕಾರಣ. ಕೇಳಿದರೆ ಯಾರಿಗೂ ಸರಿಯೆನ್ನಿಸುವ ಕಾರಣ! ಪರೀಕ್ಷಿಸಿ ನೋಡಿರಲಿಲ್ಲ, ಅಷ್ಟೇ. ನಿದ್ದೆಯಲ್ಲೇ ಕೂಸುಗಳು ಸಾಯುವುದಕ್ಕೂ ಬೋರಲು ಮಲಗಿಸುವುದಕ್ಕೂ ನಂಟಿದೆ ಎಂಬುದು ಪಶ್ಚಿಮದ ಮನೆಗಳಿಗೆ ಮುಟ್ಟುವ ಹೊತ್ತಿಗೆ ತೊಂಬತ್ತರ ದಶಕ ಬಂದಿತ್ತು. ಅಂಗಾತ ಮಲಗಿಸಿ ಎಂಬ ಪ್ರಚಾರ ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಶುರುವಾಯಿತು. ಅಂಥ ಸಾವುಗಳು ಅರ್ಧಕ್ಕೂ ಕೆಳಗೆ ಇಳಿದವು. 2005ರಲ್ಲಿ ಕೆಲವರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. 1970ರ ಹೊತ್ತಿಗೆ ಆಗಲೇ ಸಿಕ್ಕಿದ್ದ ಆಧಾರಗಳನ್ನು ಒಂದು ಕಡೆ ಪೇರಿಸಿದ್ದರೂ ಅಪಾಯ ಕಾಣುತ್ತಿತ್ತು; ಬ್ರಿಟನ್ ಒಂದರಲ್ಲೇ 10,000ಕ್ಕೂ ಹೆಚ್ಚು ಕೂಸುಗಳು ಉಳಿಯಬಹುದಿತ್ತು ಎಂಬುದು ಅವರ ಅಂದಾಜು.

ಸ್ಪಾಕ್‌ಗೆ ತಿಳಿಸುವ ಮನಸ್ಸಿತ್ತು, ಕರುಣೆಯಿತ್ತು, ಬಿಳಿ ಕೋಟೂ ಇತ್ತು. ಕಂಡು ತಿಳಿದದ್ದೊಂದೇ ಇರಲಿಲ್ಲ. ಆ ಒಂದು ಮಾತಿನ ಮಟ್ಟಿಗೆ ಆತ ಆಪ್ತನಾಗಿರಲಿಲ್ಲ. ತಪ್ಪನ್ನು ತೋರಿಸಿಕೊಟ್ಟದ್ದು ಯಾವ ಅಜ್ಜಿಯೂ ಅಲ್ಲ, ಅದೇ ವೈದ್ಯರ ಗುಂಪು. ದಶಕಗಟ್ಟಲೆ ತಡವಾಯಿತು ಎಂಬುದು ದೊಡ್ಡ ಪಾಪವೇ. ಆದರೆ ತನ್ನ ಮಾತಿಗೆ ತಾನೇ ಬಾಧಕ ಹುಡುಕಿ, ಸಿಕ್ಕಿದ್ದನ್ನು ಅಚ್ಚು ಹಾಕಿಸುವ ಪರಂಪರೆ ನಮ್ಮ ಬಾಣಂತಿ ಕೋಣೆಗೆ ಇದುವರೆಗೆ ಕಾಲಿಟ್ಟಿಲ್ಲ.

ಎದೆಹಾಲಿನ ವಿಷಯಕ್ಕೆ ಬಂದಾಗ ನನಗೆ ನಿಜವಾದ ಹಬ್ಬ. ಎದೆಹಾಲು ಕುಡಿದ ಮಕ್ಕಳು ಬುದ್ಧಿವಂತರಾಗುತ್ತಾರೆ ಎಂದು ಎಲ್ಲ ಕಡೆ ಬರೆದಿರುತ್ತದೆ. ಮಗಳು ಈ ಮಾತು ಪೂರ್ತಿ ನಂಬುವ ಹಾಗಿಲ್ಲ ಎಂದು ವಿವರಿಸಲು ಹೊರಟಳು. ಶ್ರೀಮಂತ ದೇಶಗಳಲ್ಲಿ ಹೆಚ್ಚು ಕಾಲ ಹಾಲೂಡಿಸುವವರು ಓದಿದ, ಅನುಕೂಲಸ್ಥ ತಾಯಂದಿರು. ಅವರ ಮಕ್ಕಳು ಹೇಗಿದ್ದರೂ ಪರೀಕ್ಷೆಯಲ್ಲಿ ಮುಂದಿರುತ್ತಾರೆ. ಹಾಗಿದ್ದ ಮೇಲೆ ಇದು ಹಾಲಿನ ಗುಣವೋ ಮನೆಯ ಗುಣವೋ ಎಂದಳು. ನಾನು ಅರ್ಧಕ್ಕೇ ತಡೆದೆ. ಇದು ನನ್ನ ಮೊದಲ ವರ್ಷದ ಹುಡುಗರ ಪಾಠ! ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಒಂದು ದುಷ್ಟ ಅನುಮಾನವಿದೆ: ಬೆಂಕಿ ಇದೆ, ಆದ್ದರಿಂದ ಬೆಟ್ಟದಲ್ಲಿ ಹೊಗೆ ಇದೆ ಎಂಬುದು. ಅದು ನಿಲ್ಲುವುದಿಲ್ಲ. ಹೊಗೆ ಬರುವುದು ಒದ್ದೆ ಸೌದೆ ಬೆಂಕಿಗೆ ಸೇರಿದಾಗ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಆ ಒದ್ದೆ ಸೌದೆಯೇ ಉಪಾಧಿ. ಓದಿದ ತಾಯಿ ಇಲ್ಲಿ ಒದ್ದೆ ಸೌದೆ. ಹೊಗೆ ಯಾರದ್ದೋ, ಹೆಸರು ಹಾಲಿಗೆ.

ನಮ್ಮವರು ಉಪಾಧಿಯನ್ನು ಹೆಸರಿಸಿದರು, ಬಗೆಬಗೆಯಾಗಿ ವಿಂಗಡಿಸಿದರು, ನವ್ಯನ್ಯಾಯದಲ್ಲಿ ಅದರ ಲಕ್ಷಣಕ್ಕಾಗಿ ಹಾಳೆಗಟ್ಟಲೆ ಹೊಡೆದಾಡಿದರು. ಆದರೆ ಅದನ್ನು ಕಳೆಯಲು ಸಾವಿರಾರು ತಾಯಂದಿರ ಬಳಿ ಹೋಗಬೇಕೆಂದು ಯಾರಿಗೂ ಹೊಳೆಯಲಿಲ್ಲ. ಇದನ್ನು ಬರೆಯುವಾಗ ನನಗೆ ಹೆಮ್ಮೆಯೂ ಇದೆ, ನಾಚಿಕೆಯೂ ಇದೆ.

ಬೆಲಾರೂಸ್‌ನಲ್ಲಿ ಸಂಶೋಧಕರು ಹಾಗೆ ತಾಯಂದಿರ ಬಳಿ ಹೋದರು. ಹಾಲು ಕೊಡಬೇಡ ಎಂದು ಯಾವ ತಾಯಿಗೂ ಹೇಳುವುದು ಧರ್ಮವಲ್ಲ. ಅದಕ್ಕೆ 1996-97ರಲ್ಲಿ 31 ಹೆರಿಗೆ ಆಸ್ಪತ್ರೆಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿನ ಆಸ್ಪತ್ರೆಗಳಲ್ಲಿ ಹಾಲೂಡಿಸಲು ತಾಯಂದಿರಿಗೆ ವಿಶೇಷ ನೆರವು, ಪ್ರೋತ್ಸಾಹ ಕೊಟ್ಟರು. ಇನ್ನೊಂದು ಗುಂಪಿನಲ್ಲಿ ಮೊದಲಿದ್ದ ಹಾಗೇ ಬಿಟ್ಟರು. ಕೂಸುಗಳು 17,000ಕ್ಕೂ ಹೆಚ್ಚು. ಚೀಟಿಗೆ ತಾಯಿಯ ಓದು ಗೊತ್ತಿಲ್ಲ, ಗಂಡನ ಸಂಬಳ ಗೊತ್ತಿಲ್ಲ. ಒದ್ದೆ ಸೌದೆ ಎರಡೂ ಕಡೆ ಸಮನಾಗಿ ಹಂಚಿಹೋಗುತ್ತದೆ. ಮೊದಲ ವರ್ಷದಲ್ಲಿ ಭೇದಿಯಂಥ ಕರುಳಿನ ಸೋಂಕು ನೆರವು ಸಿಕ್ಕ ಗುಂಪಿನಲ್ಲಿ ಸ್ಪಷ್ಟವಾಗಿ ಕಡಿಮೆಯಾಯಿತು. ಆರೂವರೆ ವರ್ಷಕ್ಕೆ ಬುದ್ಧಿಪರೀಕ್ಷೆಯಲ್ಲೂ ಆ ಮಕ್ಕಳು ಮುಂದಿದ್ದರು. ಹದಿನಾರಕ್ಕೆ ಮತ್ತೆ ನೋಡಿದರೆ ಭಾಷೆಗೆ ಸಂಬಂಧಿಸಿದ ಸಣ್ಣ ವ್ಯತ್ಯಾಸ ಬಿಟ್ಟು ಉಳಿದದ್ದು ಬಹುಮಟ್ಟಿಗೆ ಅಳಿಸಿಹೋಗಿತ್ತು. ಬೊಜ್ಜು ಕಡಿಮೆಯಾದೀತೆಂಬ ನಿರೀಕ್ಷೆಯೂ ಹುಸಿಯಾಯಿತು.

ಬ್ರೆಜಿಲ್‌ನ ಪೆಲೋಟಾಸ್ ಪಟ್ಟಣದಲ್ಲಿ ಇನ್ನೊಂದು ಬಗೆಯ ಉಪಾಯ. 1982ರಲ್ಲಿ ಅಲ್ಲಿ ಹುಟ್ಟಿದವರಲ್ಲಿ ಹೆಚ್ಚು ಕಾಲ ಹಾಲೂಡಿಸುವುದಕ್ಕೂ ಸಿರಿತನಕ್ಕೂ ಗಂಟುಬಿದ್ದಿರಲಿಲ್ಲ. ಅಂದರೆ ಸಂಶಯದ ಸೌದೆಯೇ ಇಲ್ಲದ ಒಲೆ. ಅಲ್ಲಿ ಮೂವತ್ತು ವರ್ಷದ ತರುವಾಯವೂ ಬುದ್ಧಿಪರೀಕ್ಷೆಯಲ್ಲಿ ಕೆಲವು ಅಂಕಗಳ ವ್ಯತ್ಯಾಸ ಕಂಡಿತು. ಹಾಗಾದರೆ ಯಾವುದು ನಿಜ? ಮಗಳಿಗೆ ಅದು ಇನ್ನೂ ತೀರ್ಮಾನವಾಗದ ವಿಷಯ. ನನಗೆ ಅದರ ತೀರ್ಮಾನ ಬೇಕಾಗಿಯೂ ಇಲ್ಲ. ಭೇದಿ ಕಡಿಮೆಯಾಗುತ್ತದಲ್ಲ, ಹಾಲೂಡಿಸಲು ಅಷ್ಟು ಕಾರಣ ಸಾಕು. ಮೊಮ್ಮಗಳ ಬುದ್ಧಿಯನ್ನು ಅಂಕದಲ್ಲಿ ಅಳೆಯುವ ಆತುರ ನನಗಿಲ್ಲ. ಹಾಲು ಸಾಲದ ಮೊದಲ ವಾರ ಮಗಳು ಕಣ್ಣೀರು ಹಾಕುತ್ತಿದ್ದಾಗ, ಒಂದೆರಡು ಹೊತ್ತು ಡಬ್ಬಿಹಾಲು ಕೊಟ್ಟರೆ ಕೂಸಿನ ಬುದ್ಧಿ ಮಂಕಾಗದು ಎಂದು ಧೈರ್ಯ ಹೇಳಲು ಬೆಲಾರೂಸ್ ನನಗೆ ಒದಗಿಬಂತು. ಹಾಗೆ ಹೇಳಬಲ್ಲ ಅಜ್ಜಂದಿರು ಬೀದಿಗೆ ಎಷ್ಟು ಜನ ಸಿಕ್ಕಾರು?

ಮಲಗಿಸುವ ಜಾಗದ ಮೇಲೆ ಎಲ್ಲಕ್ಕಿಂತ ಉದ್ದದ ವಾದ ನಡೆಯಿತು. ಕೂಸು ಅಪ್ಪ-ಅಮ್ಮನ ಕೋಣೆಯಲ್ಲಿರಲಿ, ಹಾಸಿಗೆ ಬೇರೆಯಿರಲಿ ಎಂಬುದು ಅಮೆರಿಕದ ಮಕ್ಕಳ ವೈದ್ಯರ ಸಂಘದ ಸಲಹೆ. ನಮ್ಮಲ್ಲಿ ತಾಯಿಯ ಮಗ್ಗುಲಲ್ಲದೆ ಕೂಸಿಗೆ ಬೇರೆ ಜಾಗವೇ ಇರಲಿಲ್ಲ. ಜೊತೆ ಮಲಗಿ ಸತ್ತ ಕೂಸುಗಳ ಲೆಕ್ಕ ಬಿಡಿಸಿದರೆ ಸೋಫಾ ಬರುತ್ತದೆ, ಮದ್ಯ ಬರುತ್ತದೆ, ಸಿಗರೇಟು ಬರುತ್ತದೆ. ಇವು ಯಾವುವೂ ಇಲ್ಲದ ಮನೆಗೆ ಆ ಹೇತು ಅನ್ವಯಿಸುತ್ತದೆಯೇ? ಬೆಟ್ಟದಲ್ಲಿ ಹೊಗೆ ನಿಜವಾಗಿ ಉಂಟೋ ಇಲ್ಲವೋ ನೋಡಿಕೊಳ್ಳದೆ ಬೆಂಕಿ ಸಾಧಿಸಲು ಹೊರಡಬಾರದು ಎಂದೆ. ಮಗಳು ಸೋಲಲಿಲ್ಲ. ಮೊದಲ ಮೂರು ತಿಂಗಳು ಅಂಥ ಮನೆಯಲ್ಲೂ ಅಪಾಯ ಹೆಚ್ಚೆಂದು 2013ರ ಒಂದು ವಿಶ್ಲೇಷಣೆ ಹೇಳುತ್ತದೆ. ಹಾಗೇನೂ ಕಾಣಲಿಲ್ಲ ಎಂದು 2014ರ ಇನ್ನೊಂದು. ಸಾಧಿಸುವ ಹೇತುವಿಗೆ ಎದುರಾಗಿ ಅಷ್ಟೇ ಬಲದ ಇನ್ನೊಂದು ಹೇತು ನಿಂತರೆ ಅದನ್ನು ಸತ್ಪ್ರತಿಪಕ್ಷ ಅನ್ನುತ್ತೇವೆ, ಎರಡೂ ಸೋಲುತ್ತವೆ. ಶಾಸ್ತ್ರ ಅಲ್ಲಿಗೆ ಪುಸ್ತಕ ಮುಚ್ಚುತ್ತದೆ. ತಾಯಿ ಮುಚ್ಚುವ ಹಾಗಿಲ್ಲ, ಆ ರಾತ್ರಿಯೇ ಕೂಸನ್ನು ಎಲ್ಲಾದರೂ ಮಲಗಿಸಲೇಬೇಕು. ಆಕೆ ಮಂಚದ ಪಕ್ಕಕ್ಕೆ ತೊಟ್ಟಿಲು ಎಳೆದುಕೊಂಡಳು. ತಲೆ ದುಂಡಗಾಗಲೆಂದು ನನ್ನಾಕೆ ಹೊಲಿದಿದ್ದ ಸಾಸಿವೆ ದಿಂಬನ್ನೂ ಬೀಗರು ತಂದ ದಪ್ಪ ರಗ್ಗನ್ನೂ ಅದರಿಂದ ತೆಗೆದಿಟ್ಟಳು. "ಯಾವ ವಿಶ್ಲೇಷಣೆ ಗೆದ್ದಿತು?" ಎಂದು ಕೇಳಿದೆ. "ಮಗ್ಗುಲಲ್ಲಿ ಹಾಕ್ಕೊಂಡ್ರೆ ನನಗೆ ನಿದ್ದೆ ಬರಲ್ಲ" ಅಂದಳು.

ಈ ಉತ್ತರ ನನಗೆ ಹಿಡಿಸಿತು. ವಿಧಿವಾಕ್ಯ ನಮ್ಮನ್ನು ಕೆಲಸಕ್ಕೆ ಹಚ್ಚುವುದು ಹೇಗೆ ಎಂದು ಮೀಮಾಂಸಕರು ತಲೆ ಕೆಡಿಸಿಕೊಂಡಾಗ ಮಂಡನಮಿಶ್ರ ಕೊಟ್ಟ ಪರಿಹಾರವಿದು: ಇದನ್ನು ಮಾಡು ಎಂಬುದರ ತಿರುಳು, ನಿನಗೆ ಇಷ್ಟವಾದದ್ದಕ್ಕೆ ಇದು ಸಾಧನ ಎಂಬುದು. ಸಾಧನದ ಮಾತನ್ನು ಅಧ್ಯಯನಗಳು ಹೇಳುತ್ತವೆ, ನಮಗಿಂತ ಚೆನ್ನಾಗಿ ಹೇಳುತ್ತವೆ. ಇಷ್ಟ ಯಾವುದು ಎಂದು ಯಾವ ಕೋಷ್ಟಕದಲ್ಲೂ ಬರೆದಿರುವುದಿಲ್ಲ. ಇಷ್ಟವನ್ನು ಬಾಯಿಬಿಟ್ಟು ಹೇಳದೆ ಅಧ್ಯಯನವನ್ನು ಮುಂದೆ ಮಾಡುವವರನ್ನು ನಾನು ಈಚೆಗೆ ಬಹಳ ಕಾಣುತ್ತೇನೆ. ಹಿಂದೆ ಅವರೇ ಶಾಸ್ತ್ರವನ್ನು ಮುಂದೆ ಮಾಡುತ್ತಿದ್ದರು.

ನೀರೆರೆಯುವ ಹೆಂಗಸು ಬೆಳಿಗ್ಗೆ ಬರುತ್ತಿದ್ದಳು. ಬಚ್ಚಲಲ್ಲಿ ಮಣೆಯ ಮೇಲೆ ಕೂತು ಕಾಲು ನೀಡಿ, ಎರಡು ಮೊಣಕಾಲ ನಡುವೆ ಕೂಸನ್ನು ಬೋರಲು ಹಾಕಿಕೊಂಡು, ಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನು ಬೆನ್ನಿಗೆ ಬಿಟ್ಟು ಹೆಬ್ಬೆರಳಿನಿಂದ ಕೆಳಕ್ಕೆ ನೀವುವಳು. ಚೊಂಬಿನ ನೀರು ಬೀಳುವಾಗ ಇನ್ನೊಂದು ಅಂಗೈಯನ್ನು ಕೂಸಿನ ಹಣೆಗೆ ಅಡ್ಡ ಹಿಡಿಯುತ್ತಿದ್ದಳು. ಕಣ್ಣಿಗೆ ಒಂದು ಹನಿ ಹೋಗದು. ಇದರಿಂದ ಮೂಳೆ ಗಟ್ಟಿಯಾಗುತ್ತದೆ ಎನ್ನಲು ಆಧಾರ ತೆಳು. ಢಾಕಾದ ಆಸ್ಪತ್ರೆಯಲ್ಲಿ ಸೂರ್ಯಕಾಂತಿ ಎಣ್ಣೆ ಹಚ್ಚಿ ಸೋಂಕು ಕಡಿಮೆಯಾದದ್ದನ್ನು ಕಂಡಿದ್ದು ದಿನ ತುಂಬದ ಕೂಸುಗಳಲ್ಲಿ, ಅವುಗಳ ಚರ್ಮದ ಕತೆ ಬೇರೆ. ಮಗಳು ಅವಳಿಗೆ ಹಾಕಿದ ಕಟ್ಟಳೆಗಳು ಕಡಿಮೆ: ಕಿವಿಗೆ ಎಣ್ಣೆ ಬಿಡಬಾರದು, ಮೂಗು ಊದಬಾರದು, ಸಾಂಬ್ರಾಣಿ ಹೊಗೆ ಹಾಕಬಾರದು. ಉಳಿದದ್ದೆಲ್ಲ ನಡೆಯಿತು. ಕಾಡಿಗೆ ಕಣ್ಣಿಗಿಲ್ಲ, ಅಂಗಾಲಿಗೆ. ಅಂಗಡಿಯ ಕಾಡಿಗೆಯಲ್ಲಿ ಸೀಸ ಇರಬಹುದಾದ್ದರಿಂದ ಮನೆಯ ಹರಳೆಣ್ಣೆ ದೀಪದ ಮಸಿಯೇ ಆಗಬೇಕು. ದೃಷ್ಟಿ ತಾಗುವುದಿಲ್ಲವೆಂದು ತೋರಿಸಿದ ಅಧ್ಯಯನ ಇದೆಯೇ ಎಂದು ಬೀಗಿತ್ತಿ ಒಮ್ಮೆ ಕೇಳಿದರು. ಚುರುಕಾದ ಪ್ರಶ್ನೆ. ಅಂಗಾಲ ಬೊಟ್ಟಿನ ಮೇಲೆ ಯಾರಿಗೂ ತಕರಾರಿಲ್ಲದ್ದರಿಂದ ಅದು ಅಲ್ಲಿಗೇ ನಿಂತಿತು.

ಬಜೆ ಮಾತ್ರ ಕಷ್ಟ ಕೊಟ್ಟಿತು. ಸಾಣೆಕಲ್ಲಿನ ಮೇಲೆ ಒಂದು ಸುತ್ತು ತೇಯ್ದು ನಾಲಿಗೆಗೆ ಹಚ್ಚಿದರೆ ಮಾತು ಬೇಗ ಬರುತ್ತದೆ, ಹೊಟ್ಟೆ ಉಬ್ಬರ ಇಳಿಯುತ್ತದೆ ಎಂಬ ನಂಬಿಕೆ ನನ್ನಾಕೆಗೂ ಇದೆ. ಅದರ ಎಣ್ಣೆಯಲ್ಲಿರುವ ಬೀಟಾ-ಅಸರೋನ್ ಇಲಿಗಳಲ್ಲಿ ಗಡ್ಡೆ ಬರಿಸಿದ್ದರಿಂದ ಅಮೆರಿಕದಲ್ಲಿ 1968ರಲ್ಲೇ ಆಹಾರಕ್ಕೆ ಬಜೆ ಸೇರಿಸುವುದನ್ನು ನಿಷೇಧಿಸಿದರು. ಇಲಿಗೆ ಕೊಟ್ಟಷ್ಟು ನಾವು ಕೊಡುವುದಿಲ್ಲವಲ್ಲ ಎಂದು ನನ್ನಾಕೆ ವಾದಿಸಿದಳು, ವಾದದಲ್ಲಿ ಹುರುಳಿದೆ. ಆದರೆ ಜೇನಿನ ಪ್ರಶ್ನೆಯೇ ಇಲ್ಲಿಗೂ ಸಲ್ಲುತ್ತದೆ, ಕೊಡದಿದ್ದರೆ ಏನು ನಷ್ಟ? ಬಜೆ ಕೊಟ್ಟ ನನ್ನ ತಮ್ಮ ಮೂರು ವರ್ಷ ಮಾತೇ ಆಡಲಿಲ್ಲ ಎಂದು ಜ್ಞಾಪಿಸಿದೆ. ಒಬ್ಬನ ಕತೆ ಪ್ರಮಾಣವಲ್ಲ ಎಂದು ಮಗಳು ನನ್ನನ್ನೇ ತಿದ್ದಿದಳು.

ಹೀಗೆ ಎಲ್ಲವನ್ನೂ ಜಾಲಾಡುತ್ತ ಹೋದರೆ ಶಂಕೆಗೆ ಕೊನೆಯಿಲ್ಲ. ಚಾರ್ವಾಕರು ಇದನ್ನು ಬಳಸಿಕೊಂಡರು: ಹೊಗೆಯಿದ್ದಲ್ಲೆಲ್ಲ ಬೆಂಕಿ ಎಂಬಂಥ ವ್ಯಾಪ್ತಿ ಎಂದೂ ನಿಶ್ಚಯವಾಗದು, ಲೋಕ ನಡೆಯುವುದು ಬರೀ ಸಂಭಾವನೆಯ ಮೇಲೆ. ನ್ಯಾಯದ ಉದಯನಾಚಾರ್ಯ ಕುಸುಮಾಂಜಲಿಯಲ್ಲಿ ಕೊಟ್ಟ ಉತ್ತರದ ಸಾರ, ನಿನ್ನ ನಡತೆಗೇ ವಿರುದ್ಧವಾಗುವ ತನಕ ಮಾತ್ರ ಶಂಕೆ ಎಂದು. ಹೊಗೆ ಬೇಕಾದಾಗ ಬೆಂಕಿ ಹೊತ್ತಿಸುವವನು, ಹಸಿವಾದಾಗ ಅನ್ನಕ್ಕೆ ಕೈ ಚಾಚುವವನು, ಅವುಗಳ ಸಂಬಂಧವನ್ನೇ ಶಂಕಿಸುತ್ತೇನೆ ಎನ್ನಲಾರ. ವೇದಾಂತಿ ಶ್ರೀಹರ್ಷ ಇದನ್ನು ಗೇಲಿ ಮಾಡಿದ್ದು ನನಗೆ ಗೊತ್ತು. ಆದರೆ ಶ್ರೀಹರ್ಷ ಬಾಣಂತನ ನೋಡಿಕೊಂಡದ್ದು ಎಲ್ಲೂ ದಾಖಲಾಗಿಲ್ಲ. ಈ ಮನೆಯಲ್ಲಿ ನನಗೆ ಮೀಮಾಂಸಕರ ದಾರಿಯೇ ನಡೆಯಲು ಸುಲಭ: ತಿಳಿದದ್ದು ಬಾಧಕ ಬರುವ ತನಕ ಪ್ರಮಾಣ, ಬಂದಾಗ ಬಿಡಬೇಕು. ಬಿಡಲು ಸಿದ್ಧನಿರಬೇಕು ಎಂಬುದೇ ಕಷ್ಟ. ಅದು ಅಜ್ಜಿಯರಿಗೂ ಕಷ್ಟ, ಪುಸ್ತಕ ಬರೆದ ಡಾಕ್ಟರರಿಗೂ ಕಷ್ಟವಾಗಿತ್ತು.

ಅನ್ನಪ್ರಾಶನ ಆರು ತುಂಬಿದ ಮೇಲೆ ಆಯಿತು. ಅಕ್ಕಿ ಪಾಯಸದ ಮರುವಾರ ಮಗಳು ಹುರಿದ ಕಡಲೆಕಾಯಿ ಬೀಜವನ್ನು ನುಣ್ಣಗೆ ಅರೆದು, ರಾಗಿ ಸರಿಗೆ ಕಲಸಿ ತೆಳ್ಳಗೆ ಮಾಡಿಕೊಂಡು ಬಂದಳು. ಅಲರ್ಜಿಗೆ ಹೆದರಿ ಎಳೆಮಕ್ಕಳಿಗೆ ಕಡಲೆಕಾಯಿ ಕೊಡಬೇಡಿ ಎಂದು ಮೊದಲು ಪಶ್ಚಿಮದ ವೈದ್ಯರೇ ಹೇಳುತ್ತಿದ್ದರು. ಇಸ್ರೇಲಿನ ಕೂಸುಗಳು ಕಡಲೆಕಾಯಿಯ ತಿಂಡಿ ಚೀಪುತ್ತಲೇ ಬೆಳೆಯುತ್ತವೆ, ಅಲ್ಲಿ ಈ ಅಲರ್ಜಿ ಕಡಿಮೆ ಎಂಬುದು ಕಣ್ಣಿಗೆ ಬಿದ್ದ ಮೇಲೆ, ಲಂಡನ್ನಿನಲ್ಲಿ ಅಪಾಯ ಹೆಚ್ಚಿರುವ 640 ಕೂಸುಗಳನ್ನು ಚೀಟಿ ಎತ್ತಿ ಹಂಚಿ ಐದು ವರ್ಷ ತುಂಬುವ ತನಕ ನೋಡಿದರು. ಬೇಗ ತಿನ್ನಿಸಿದ ಗುಂಪಿನಲ್ಲಿ ಅಲರ್ಜಿ ನೂರಕ್ಕೆ 80ರಷ್ಟು ಇಳಿದಿತ್ತು. ಫಲಿತಾಂಶ 2015ರಲ್ಲಿ ಬಂತು, ಸಲಹೆ ತಿರುಗಿತು. ಅವು ಇಸುಬು ಇದ್ದ, ಇಲ್ಲವೇ ಮೊಟ್ಟೆ ಒಗ್ಗದ ಲಂಡನ್ನಿನ ಕೂಸುಗಳು. ನಮ್ಮದು ಚಟ್ನಿಪುಡಿಯ ಮನೆ. ತರ್ಕದವರ ಪಕ್ಷ, ಅಂದರೆ ಸಾಧಿಸುವ ಜಾಗ, ಬೇರೆಯೇ. ಆದರೂ ಹೇಗಿದ್ದರೂ ತಿನ್ನುವುದನ್ನು ಬೇಗ ತಿಂದರೆ ತಪ್ಪೇನು ಎಂಬುದು ಆಕೆಯ ವಾದ.

"ಪಿತ್ತ ಆಗುತ್ತೆ" ಎಂದರು ಬೀಗಿತ್ತಿ. ನನ್ನ ಕಡೆ ತಿರುಗಿ, "ಶಾಸ್ತ್ರದಲ್ಲಿ ಏನಿದೆ, ಹೇಳಿ ಬೀಗರೇ" ಎಂದರು.

ಕಡಲೆಕಾಯಿ ಈ ದೇಶಕ್ಕೆ ಬಂದದ್ದೇ ಪೋರ್ಚುಗೀಸರ ಕಾಲದ ಆಚೀಚೆ, ಶಾಸ್ತ್ರಕ್ಕೆ ಅದರ ಪರಿಚಯವಿಲ್ಲ ಎಂದೆ. ಬಾಧಕ ಕಾಣುವ ತನಕ ಕೊಡಬಹುದು.

"ಬಾಧಕ ಅಂದ್ರೆ?"

"ಮೈಮೇಲೆ ದದ್ದು, ತುಟಿ ಊತ, ವಾಂತಿ" ಎಂದು ಮಗಳು ಹೇಳಿ, ಕಾಲು ಚಮಚ ಬಾಯಿಗಿಟ್ಟು, ಗಡಿಯಾರ ನೋಡಿಕೊಂಡು ಕೂತಳು.